ದವಾಖಾನೆಯಲ್ಲಿ ಯಾವುದು ಗುಟ್ಟು, ಯಾವುದು ಬಹಿರಂಗ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸರ್ಕಾರಿ ದವಾಖಾನೆಗಳಿಗೆ ಹೋಗಿ ಬರುವ ಜನ ಕೇಳುವ ಪ್ರಶ್ನೆಗಳು ಇವು. ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಡುವ ಕೆಲಸ ಮಾಡುವುದರಿಂದ ನನಗೆ ಇವು ದಿನಾ ಎದುರಾಗುತ್ತವೆ. ಕಾನೂನಿನ ಕಲಂಗಳನ್ನು ಬೇಕಾದ ಕಡೆ ಮಾತ್ರ ಹೇಳಿದ್ದೇನೆ. ಅರ್ಜಿ ಬರೆಯುವಾಗ ಅವು ಕೆಲಸಕ್ಕೆ ಬರುತ್ತವೆ.

ಸರ್ಕಾರಿ ದವಾಖಾನೆ ಅಂದಮೇಲೆ ಎಲ್ಲವೂ ಬಹಿರಂಗ ಇರಬೇಕಲ್ವಾ?

ಎಲ್ಲವೂ ಅಲ್ಲ. ದವಾಖಾನೆಯಲ್ಲಿ ಎರಡು ಥರದ ಮಾಹಿತಿ ಇರುತ್ತದೆ. ಒಂದು ರೋಗಿಯದು: ಏನು ಕಾಯಿಲೆ, ಯಾವ ತಪಾಸಣೆ, ರಿಪೋರ್ಟಿನಲ್ಲಿ ಏನು ಬಂತು. ಇನ್ನೊಂದು ದವಾಖಾನೆಯದು: ಎಷ್ಟು ಔಷಧಿ ಬಂತು, ಡಾಕ್ಟರ ಹುದ್ದೆ ಎಷ್ಟು ಖಾಲಿ, ಹೆರಿಗೆ ವಾರ್ಡಿನಲ್ಲಿ ಈ ವರ್ಷ ಎಷ್ಟು ಸಾವಾಯಿತು, ಯಾಕಾಯಿತು. ಮೊದಲನೆಯದು ಗುಟ್ಟಾಗಿ ಇರಬೇಕು. ಎರಡನೆಯದು ಯಾರು ಕೇಳಿದರೂ ಸಿಗಬೇಕು.

ನಮ್ಮಲ್ಲಿ ಬಹಳ ಕಡೆ ಇದು ತಿರುವುಮುರುವಾಗಿದೆ. ಹೊರರೋಗಿ ವಿಭಾಗದ ಕಿಟಕಿಯಲ್ಲಿ ಹೆಸರಿನ ಜೊತೆ ಕಾಯಿಲೆಯನ್ನೂ ಕೂಗುತ್ತಾರೆ. ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಳ್ಳುತ್ತಾರೆ. ಅದೇ ದವಾಖಾನೆಯಲ್ಲಿ ಔಷಧಿ ಸ್ಟಾಕ್ ಕೇಳಿದರೆ "ಅದು ಆಫೀಸಿನ ವಿಷಯ, ನಿಮಗ್ಯಾಕೆ" ಅಂತಾರೆ. ಈ ಪುಟದಲ್ಲಿ ನಾನು ಹೇಳುವುದೆಲ್ಲ ಇದನ್ನು ಸರಿಮಾಡುವ ಬಗ್ಗೆಯೇ.

ಎರಡಕ್ಕೂ ಕಾನೂನಿನ ಬಲ ಇದೆ. ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಿಂದ ಜಾರಿಯಲ್ಲಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ನನ್ನದೇ ಕೇಸ್ ಪೇಪರ್, ರಿಪೋರ್ಟುಗಳ ನಕಲು ಕೇಳಿದರೆ ಕೊಡಬೇಕಾ?

ಕೊಡಬೇಕು. ವೈದ್ಯರ ನಡವಳಿಕೆಗೆ ಸಂಬಂಧಿಸಿದ 2002ರ ನಿಯಮಾವಳಿ ಪ್ರಕಾರ ರೋಗಿ ಅಥವಾ ಅವರ ಪರವಾಗಿ ಅಧಿಕೃತ ವ್ಯಕ್ತಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಒದಗಿಸಬೇಕು. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟುಕೊಂಡಿರಬೇಕು. ಹಾಗಾಗಿ ತಡಮಾಡಬೇಡಿ.

ಬಾಯಿಮಾತಲ್ಲಿ ಕೇಳಿದರೆ ನಾಳೆ ಬಾ ಅಂತಾರೆ. ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆದು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. 72 ಗಂಟೆ ಎಣಿಸುವುದಕ್ಕೆ ಆ ಸೀಲೇ ಆಧಾರ. ಮಾನಸಿಕ ಆರೋಗ್ಯದ ಚಿಕಿತ್ಸೆ ಪಡೆದವರಿಗೂ ತಮ್ಮ ದಾಖಲೆ ನೋಡುವ ಹಕ್ಕಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 25ನೇ ಕಲಂ ಇದನ್ನು ಕೊಡುತ್ತದೆ. ಅದೇ ಕಾಯ್ದೆಯ 23ನೇ ಕಲಂ ಅವರ ವಿಷಯ ಹೊರಗೆ ಹೋಗದಂತೆ ಕಾಯುತ್ತದೆ.

ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಸಾವಿನ ಕಾರಣ ನಮಗೆ ಬರೆದುಕೊಡಬೇಕಾ?

ಹೌದು. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆಗಿದೆ. ಸಾವಿನ ಕಾರಣದ ಪ್ರಮಾಣಪತ್ರದ ಒಂದು ಪ್ರತಿಯನ್ನು ಹತ್ತಿರದ ಸಂಬಂಧಿಗೆ ಕೊಡಬೇಕು. ಇದಕ್ಕೆ ದುಡ್ಡು ಇಲ್ಲ.

ಗಂಡ, ಅತ್ತೆ, ಮಾವ ಬಂದು ಕೇಳಿದರೆ ಡಾಕ್ಟರು ನನ್ನ ವಿಷಯ ಹೇಳಬಹುದಾ?

ನೀವು ಒಪ್ಪದೆ ಹೇಳುವ ಹಾಗಿಲ್ಲ. ಇದು ಕಷ್ಟದ ಪ್ರಶ್ನೆ, ನನಗೆ ಗೊತ್ತು. ನಮ್ಮ ಕಡೆ ಹೆಣ್ಣುಮಗಳು ಒಬ್ಬಳೇ ದವಾಖಾನೆಗೆ ಹೋಗುವುದೇ ಕಡಿಮೆ. ಜೊತೆಗೆ ಬಂದವರೇ ಡಾಕ್ಟರ ಮುಂದೆ ಕೂತು ಉತ್ತರ ಹೇಳುತ್ತಾರೆ. ಆದರೂ "ಸರ್, ನಾನು ಒಬ್ಬಳೇ ಮಾತಾಡಬೇಕು" ಎಂದು ಕೇಳುವ ಹಕ್ಕು ನಿಮಗಿದೆ.

ಗರ್ಭಪಾತದ ವಿಷಯದಲ್ಲಂತೂ ಕಾನೂನು ಬಹಳ ಸ್ಪಷ್ಟ. 18 ವರ್ಷ ತುಂಬಿದ ಮಹಿಳೆಯ ಒಪ್ಪಿಗೆ ಒಂದೇ ಸಾಕು, ಗಂಡನ ಸಹಿ ಬೇಡ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ 5ಎ ಕಲಂ ಪ್ರಕಾರ ಆಕೆಯ ಹೆಸರು, ವಿವರ ಹೊರಗೆ ಬಿಟ್ಟರೆ ಒಂದು ವರ್ಷದವರೆಗೆ ಜೈಲು ಆಗಬಹುದು. 18 ತುಂಬದ ಹುಡುಗಿಯಾದರೆ ಪಾಲಕರ ಒಪ್ಪಿಗೆ ಬೇಕು, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸುವುದೂ ಕಡ್ಡಾಯ. ಆದರೆ ಹುಡುಗಿ ಮತ್ತು ಪಾಲಕರು ಕೇಳಿಕೊಂಡರೆ ಆ ವರದಿಯಲ್ಲಿ ಡಾಕ್ಟರು ಅವಳ ಗುರುತು ಹೇಳಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಹೇಳಿದೆ. ಊರಲ್ಲಿ ಮರ್ಯಾದೆ ಹೋಗುತ್ತೆ ಅಂತ ಹೆದರಿ ಕಳ್ಳ ದವಾಖಾನೆಗೆ ಹೋಗುವವರಿಗೆ ಈ ಮಾತು ಮೊದಲು ತಲುಪಬೇಕು.

ಎಚ್‌ಐವಿ ಪರೀಕ್ಷೆ ಮಾಡಿಸಿದರೆ ಊರಿಗೆಲ್ಲ ಗೊತ್ತಾಗುತ್ತಾ?

ಗೊತ್ತಾಗಬಾರದು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಒಪ್ಪಿಗೆ ಇಲ್ಲದೆ ಯಾರಿಗೂ ಹೇಳುವಂತಿಲ್ಲ. ದವಾಖಾನೆಯವರೇ ವಿಷಯ ಹೊರಗೆ ಬಿಟ್ಟರೆ ದೂರು ಕೊಡಬಹುದು.

ಹಾಗಾದರೆ ಸಂಗಾತಿಗೆ? ಇದಕ್ಕೆ ಕಾನೂನು ಒಂದು ದಾರಿ ಇಟ್ಟಿದೆ, ಬಹಳ ಎಚ್ಚರದಿಂದ. ಸಂಗಾತಿಗೆ ಸೋಂಕು ತಗಲುವ ಅಪಾಯ ನಿಜವಾಗಿಯೂ ಇದ್ದು, ಸಮಾಲೋಚನೆ ಮಾಡಿದ ಮೇಲೂ ರೋಗಿ ತಾನಾಗಿ ಹೇಳದಿದ್ದರೆ, ವೈದ್ಯರು ಅಥವಾ ಸಮಾಲೋಚಕರು ಮೊದಲು ರೋಗಿಗೆ ತಿಳಿಸಿ, ಆಮೇಲೆ ಸಂಗಾತಿಗೆ ಎದುರಾಎದುರು ಕೂರಿಸಿ ಹೇಳಬಹುದು. ಆದರೆ ಹೇಳಿದರೆ ಆ ಹೆಣ್ಣುಮಗಳಿಗೆ ಹೊಡೆತ ಬೀಳುತ್ತೆ, ಮನೆಯಿಂದ ಹೊರಗೆ ಹಾಕ್ತಾರೆ ಎನ್ನುವ ಭಯ ಇದ್ದರೆ ಹೇಳಬಾರದು.

ನಮ್ಮ ಭಾಗಕ್ಕೆ ಇದು ಯಾಕೆ ಮುಖ್ಯ ಅಂದರೆ, 2000ದ ದಶಕದಲ್ಲಿ ಬಾಗಲಕೋಟೆ, ಬೆಳಗಾವಿ ರಾಜ್ಯದಲ್ಲಿ ಸೋಂಕು ಹೆಚ್ಚಿದ್ದ ಜಿಲ್ಲೆಗಳ ಪಟ್ಟಿಯಲ್ಲಿದ್ದವು. ಆಗಿನ ಹೆಸರು ಕೆಡಿಸುವ ಮಾತುಗಳನ್ನು ಕೇಳಿದವರು ಈಗಲೂ ಇದ್ದಾರೆ. ಊರ ಹತ್ತಿರದ ಕೇಂದ್ರ ಬಿಟ್ಟು, ಗುರುತಿನವರು ಸಿಗದ ದೂರದ ಎಆರ್‌ಟಿ (ಎಚ್‌ಐವಿ ಗುಳಿಗೆ ಕೊಡುವ) ಕೇಂದ್ರಕ್ಕೆ ಬಸ್ಸು ಹತ್ತುವವರು ಇದ್ದಾರೆ. ಒಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಹೋಗುತ್ತದೆ. ಕೆಲವರು ಅದಕ್ಕೇ ಗುಳಿಗೆ ನಿಲ್ಲಿಸಿಬಿಡುತ್ತಾರೆ. ಎಚ್‌ಐವಿ ಗುಳಿಗೆ ನಡುವೆ ನಿಂತರೆ ವೈರಸ್ ಮತ್ತೆ ಏರುತ್ತದೆ, ಔಷಧಿಗೆ ಬಗ್ಗದಂತೆಯೂ ಆಗಬಹುದು. ಗುಟ್ಟು ಕಾಯುವ ನಂಬಿಕೆ ಇಲ್ಲದಿದ್ದರೆ ಚಿಕಿತ್ಸೆಯೇ ನಿಲ್ಲುತ್ತದೆ. ಅದಕ್ಕೇ ಕಡತದ ಮೇಲೆ ಕೆಂಪು ಗುರುತು ಹಾಕುವುದು, ಹಾಸಿಗೆಯ ಮೇಲೆ ಚೀಟಿ ಅಂಟಿಸುವುದು ಕಂಡರೆ ಸುಮ್ನೆ ಇರಬೇಡಿ, ಲಿಖಿತವಾಗಿ ದೂರು ಕೊಡಿ. ಈ ಕಾಯ್ದೆಯ ದೂರು ಕೇಳಲು ರಾಜ್ಯ ಸರ್ಕಾರ ಒಂಬುಡ್ಸ್‌ಮನ್ ನೇಮಿಸಬೇಕು ಎಂದಿದೆ.

ಆಶಾ ಅಕ್ಕನಿಗೆ ಎಲ್ಲ ಹೇಳಬಹುದಾ? ಆಕೆ ನಮ್ಮ ಓಣಿಯವಳೇ.

ಹೇಳಬಹುದು. ಬಸುರಿ, ಬಾಣಂತಿ, ಕೂಸಿನ ವಿಷಯ ಆಕೆಗೆ ಗೊತ್ತಿದ್ದರೆ ಜೀವ ಉಳಿಯುತ್ತದೆ. ಹೆಚ್ಚಿನ ಆಶಾ ಅಕ್ಕಂದಿರು ಬಾಯಿ ಬಿಗಿ ಹಿಡಿದು ಕೆಲಸ ಮಾಡುತ್ತಾರೆ, ಅದೂ ಸಿಗಬೇಕಾದ ದುಡ್ಡು ತಿಂಗಳುಗಟ್ಟಲೆ ತಡವಾದಾಗಲೂ. ನನ್ನ ಆಕ್ಷೇಪ ಅವರ ಮೇಲೆ ಅಲ್ಲ, ಅವರಿಂದ ವಾಟ್ಸಾಪ್ ಗುಂಪಿನಲ್ಲಿ ಪಟ್ಟಿ ಕೇಳುವವರ ಮೇಲೆ. ಹೆಸರು, ಫೋನ್ ನಂಬರು, ಕಾಯಿಲೆ ಇರುವ ಪಟ್ಟಿಯನ್ನು ನೂರು ಜನರ ಗುಂಪಿಗೆ ಹಾಕಿಸುವುದು ತಪ್ಪು. ಆಶಾ ಅಕ್ಕ "ಹಾಕಲ್ಲ" ಎಂದರೆ ಊರವರು ಆಕೆಯ ಬೆನ್ನಿಗೆ ನಿಲ್ಲಬೇಕು.

ಹೆರಿಗೆಯಲ್ಲಿ ನಮ್ಮ ಹೆಣ್ಣುಮಗಳು ತೀರಿಕೊಂಡಳು. ಏನಾಯಿತು ಅಂತ ಯಾರೂ ಹೇಳ್ತಿಲ್ಲ. ಏನು ಮಾಡಬೇಕು?

ಮೊದಲು ಇದು ತಿಳಿದಿರಲಿ. ಪ್ರತಿ ತಾಯಿ ಸಾವಿನ ಪರಿಶೀಲನೆ ಆಗಲೇಬೇಕು. ದವಾಖಾನೆಯಲ್ಲಿ ಸಾವಾದರೆ 24 ಗಂಟೆಯೊಳಗೆ ಮೇಲಿನವರಿಗೆ ವರದಿ ಹೋಗಬೇಕು. ಮನೆಯಲ್ಲಾದರೆ ಆಶಾ ಅಕ್ಕ ತಿಳಿಸಬೇಕು. ಆಮೇಲೆ ದವಾಖಾನೆಯ ಮಟ್ಟದಲ್ಲಿ ಒಂದು ಪರಿಶೀಲನೆ. ಆರೋಗ್ಯ ಸಿಬ್ಬಂದಿ ಮನೆಗೆ ಬಂದು ಕುಟುಂಬದವರನ್ನು ಕೇಳಿ ಬರೆದುಕೊಳ್ಳುವುದು ಇನ್ನೊಂದು. ಕೊನೆಗೆ ಜಿಲ್ಲಾಧಿಕಾರಿ ಮುಂದೆ ಸಭೆ. ಆ ಸಭೆಗೆ ತೀರಿಕೊಂಡವರ ಕುಟುಂಬದ ಇಬ್ಬರನ್ನು ಕರೆಸಿ ಅವರ ಬಾಯಿಂದಲೇ ಕೇಳಬೇಕು ಎಂದು ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿಯಲ್ಲೇ ಇದೆ. ಎಷ್ಟೋ ಕುಟುಂಬಗಳಿಗೆ ಇದು ಗೊತ್ತೇ ಇಲ್ಲ. ಹಾಗಾಗಿ ಜಿಲ್ಲಾ ಆರೋಗ್ಯಾಧಿಕಾರಿಗೆ ಪತ್ರ ಬರೆಯಿರಿ: "ನಮ್ಮ ಮಗಳ ಸಾವಿನ ಪರಿಶೀಲನಾ ಸಭೆ ಯಾವಾಗ? ನಮ್ಮನ್ನು ಕರೆಯಿರಿ." ಹೋಗುವಾಗ ತಾಯಿ ಕಾರ್ಡ್, ರೆಫರ್ ಚೀಟಿ, 108ಕ್ಕೆ ಫೋನ್ ಮಾಡಿದ ಸಮಯ, ಎಷ್ಟು ಹೊತ್ತಿಗೆ ಎಲ್ಲಿಗೆ ಕಳಿಸಿದರು ಎಲ್ಲ ಬರೆದುಕೊಂಡು ಹೋಗಿ. ದುಃಖದಲ್ಲಿ ಗಂಟೆ, ತಾರೀಖು ಮರೆತುಹೋಗುತ್ತವೆ.

ಈ ಪರಿಶೀಲನೆ ಯಾರನ್ನೂ ಶಿಕ್ಷಿಸಲಿಕ್ಕೆ ಅಲ್ಲ, ಹೆಸರು ಹೇಳಿ ದೂರುವುದಕ್ಕೂ ಅಲ್ಲ ಎಂದು ಮಾರ್ಗಸೂಚಿ ಹೇಳುತ್ತದೆ. ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಸಸ್ಪೆಂಡ್ ಆಗುವ ಭಯ ಇದ್ದರೆ ರಾತ್ರಿ ಪಾಳಿಯ ಸಿಸ್ಟರ್ ರಕ್ತ ಇರಲಿಲ್ಲ ಎನ್ನುವ ಮಾತು ಬರೆಯುವುದೇ ಇಲ್ಲ. ಆದರೆ ಸಿಬ್ಬಂದಿಯ ಹೆಸರು ಮುಚ್ಚುವುದು ಬೇರೆ, ಕಾರಣವನ್ನೇ ಮುಚ್ಚುವುದು ಬೇರೆ. ಈ ಜಿಲ್ಲೆಯಲ್ಲಿ ಎಷ್ಟು ತಾಯಂದಿರು ರಕ್ತಸ್ರಾವದಿಂದ ಸತ್ತರು, ಎಷ್ಟು ಜನ ರೆಫರ್ ಆಗುತ್ತಾ ದಾರಿಯಲ್ಲೇ ಹೋದರು, ಅದಾದ ಮೇಲೆ ಏನು ಬದಲಾಯಿತು ಎನ್ನುವುದನ್ನು ಯಾವ ಹೆಸರೂ ಇಲ್ಲದೆ ಬಹಿರಂಗ ಮಾಡಬಹುದು, ಮಾಡಲೇಬೇಕು.

ಬಹಿರಂಗ ಮಾಡಿದರೆ ಏನಾಗುತ್ತದೆ ಎನ್ನುವುದನ್ನು ನೋಡಿದ್ದೇವೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಪಶ್ಚಿಮ ಬಂಗಾಳದ ಕಂಪನಿಯೊಂದರ ರಿಂಗರ್ಸ್ ಲ್ಯಾಕ್ಟೇಟ್ ಸಲೈನ್ ಮೇಲೆ ಅನುಮಾನ ಬಂತು. ಆ ಡಿಸೆಂಬರಿನಲ್ಲಿ ಬೆಳಗಾವಿ ಸುವರ್ಣ ವಿಧಾನಸೌಧದ ಅಧಿವೇಶನದಲ್ಲಿ ದೊಡ್ಡ ಗದ್ದಲ ಆಯಿತು. ಆಮೇಲೆ ಸರ್ಕಾರ ಇಡೀ ರಾಜ್ಯದ ತಾಯಿ ಸಾವುಗಳ ಆಡಿಟ್ ಮಾಡಿಸಿ ವಿವರ ಹೊರಗಿಟ್ಟಿತು. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ 464 ತಾಯಂದಿರು ಸತ್ತಿದ್ದರು. ಸುಮಾರು ಶೇ 70ರಷ್ಟು ಸಾವು ತಪ್ಪಿಸಬಹುದಾಗಿತ್ತು ಎಂದು ಆ ಆಡಿಟ್ ಹೇಳಿತು. ಒಬ್ಬೊಬ್ಬರ ಕಡತ ಒಂದೊಂದು ತಾಲ್ಲೂಕಿನ ಕಪಾಟಿನಲ್ಲಿ ಕೂತಿದ್ದಾಗ ಈ ಲೆಕ್ಕ ಯಾರಿಗೂ ಕಾಣಿಸಿರಲಿಲ್ಲ.

ಲಸಿಕೆ ಹಾಕಿದ ಮೇಲೆ ಕೂಸಿಗೆ ತೊಂದರೆಯಾದರೆ ಇಲಾಖೆ ಮುಚ್ಚಿಹಾಕುತ್ತಾ?

ರಾಮದುರ್ಗ ತಾಲ್ಲೂಕಿನ ಘಟನೆ ನೆನಪಿಟ್ಟುಕೊಂಡೇ ಜನ ಹೀಗೆ ಕೇಳುತ್ತಾರೆ. 2022ರ ಜನವರಿಯಲ್ಲಿ ಅಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಹಸುಳೆಗಳು ತೀರಿಕೊಂಡವು. ಲಸಿಕೆ ಇಟ್ಟ ರೀತಿಯಲ್ಲೇ ಲೋಪ ಆಗಿತ್ತು ಎಂಬ ಮಾತು ಹೊರಬಂತು. ಸಿಬ್ಬಂದಿ ಸಸ್ಪೆಂಡ್ ಆದರು, ತನಿಖೆ ನಡೆಯಿತು.

ವಿಷಯ ಬೇಗ ಹೊರಬಂದದ್ದೇ ಒಳ್ಳೆಯದಾಯಿತು. ತಪ್ಪು ಲಸಿಕೆಯದಾ, ಇಟ್ಟ ರೀತಿಯದಾ ಎಂದು ಜನರಿಗೆ ಗೊತ್ತಾಗಲೇಬೇಕು. ಇಲ್ಲದಿದ್ದರೆ ಪಕ್ಕದ ಹತ್ತು ಊರಿನವರು ಲಸಿಕೆಯನ್ನೇ ಬಿಡುತ್ತಾರೆ, ಆಮೇಲೆ ದಡಾರ ಬರುತ್ತದೆ.

ನೀವು ಲಸಿಕೆ ಹಾಕಿಸುವಾಗ ಕೇಳಬಹುದಾದ ಪ್ರಶ್ನೆಗಳಿವೆ. ಈ ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ದಿನಕ್ಕೆ ಎರಡು ಸಲ ಫ್ರಿಡ್ಜಿನ ಉಷ್ಣತೆ ಬರೆಯಬೇಕು. ದಡಾರ-ರುಬೆಲ್ಲಾ ಪುಡಿಗೆ ದ್ರಾವಣ ಬೆರೆಸಿದ ಮೇಲೆ 4 ಗಂಟೆ ದಾಟಿದರೆ ಎಸೆಯಬೇಕು. "ಸಿಸ್ಟರ್, ಇದನ್ನು ಎಷ್ಟು ಹೊತ್ತಿಗೆ ತೆರೆದಿರಿ?" ಎಂದು ಕೇಳುವುದು ಅವಮಾನ ಅಲ್ಲ. ಒಳ್ಳೆಯ ಸಿಸ್ಟರ್ ಬಾಟಲಿ ತೋರಿಸಿ ಸಮಯ ಹೇಳುತ್ತಾರೆ. ಗಂಭೀರ ತೊಂದರೆ ಆದರೆ ವೈದ್ಯಾಧಿಕಾರಿ 24 ಗಂಟೆಯೊಳಗೆ ಜಿಲ್ಲೆಗೆ ವರದಿ ಮಾಡಬೇಕು, ಜಿಲ್ಲೆಯಲ್ಲಿ ಇದಕ್ಕೊಂದು ಸಮಿತಿ ಇದೆ. ಕಾರಣ ಏನು ಎಂದು ಸಮಿತಿ ತೀರ್ಮಾನಿಸಿದ್ದನ್ನು ತಂದೆ-ತಾಯಿ ಬರೆದು ಕೇಳಬೇಕು.

ಔಷಧಿ ಇಲ್ಲ ಅಂತ ಹೊರಗಿನ ಚೀಟಿ ಬರೆಯುತ್ತಾರೆ. ನಿಜವಾಗಿ ಇಲ್ಲವೋ, ಇದೆಯೋ ಹೇಗೆ ತಿಳಿಯುವುದು?

ಸ್ಟಾಕ್ ರಿಜಿಸ್ಟರ್ ನೋಡಿದರೆ ತಿಳಿಯುತ್ತದೆ. ಮಾಹಿತಿ ಹಕ್ಕಿನಲ್ಲಿ ನಕಲು ಮಾತ್ರ ಅಲ್ಲ, ಕಚೇರಿಗೆ ಹೋಗಿ ಕಡತ ಕಣ್ಣಾರೆ ನೋಡುವುದಕ್ಕೂ ಅವಕಾಶ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲಿ ಯಾರಿದ್ದಾರೆ, ದುಡ್ಡು ಎಲ್ಲಿ ಖರ್ಚಾಯಿತು ಎಂದು ಗ್ರಾಮಸಭೆಯಲ್ಲಿ ಕೇಳಿ. ತಕ್ಷಣದ ದೂರಿಗೆ 104 ಇದೆ.

ಮಾಹಿತಿ ಹಕ್ಕಿನ ಅರ್ಜಿ ಹೇಗೆ ಹಾಕುವುದು?

ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ, ಕಾರ್ಡಿನ ನಕಲು ಲಗತ್ತಿಸಿ. ಕನ್ನಡದಲ್ಲೇ ಬರೆಯಿರಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಉದ್ದ ಬರೆದು ತಿರಸ್ಕಾರ ಆದ ಅರ್ಜಿಗಳು ಬಹಳ, ಅದಕ್ಕೇ ಇದನ್ನು ಒತ್ತಿ ಹೇಳುತ್ತೇನೆ. ಯಾಕೆ ಬೇಕು ಎಂದು ಕಾರಣ ಹೇಳಬೇಕಾಗಿಲ್ಲ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಮಾಹಿತಿ ಅಧಿಕಾರಿಯೇ ಬರೆದುಕೊಳ್ಳಲು ಸಹಾಯ ಮಾಡಬೇಕು.

30 ದಿನದೊಳಗೆ ಉತ್ತರ ಬರಬೇಕು. ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಬೇರೆ ಕಚೇರಿಯ ವಿಷಯ ಆದರೆ ಅವರೇ 5 ದಿನದೊಳಗೆ ಅಲ್ಲಿಗೆ ಕಳಿಸಬೇಕು, "ಅದು ನಮ್ಮದಲ್ಲ" ಅಂತ ವಾಪಸ್ ಕೊಡುವಂತಿಲ್ಲ. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಕಾಲೇಜು ಬಿಮ್ಸ್ ವೈದ್ಯಕೀಯ ಶಿಕ್ಷಣ ಇಲಾಖೆಗೆ ಬರುತ್ತದೆ, ತಾಲ್ಲೂಕು ದವಾಖಾನೆ ಆರೋಗ್ಯ ಇಲಾಖೆಗೆ. ಈ ಗೊಂದಲದಲ್ಲಿ ಬೆಳಗಾವಿಯ ಜನ ಸುಮ್ನೆ ಅಲೆಯುತ್ತಾರೆ.

ಉತ್ತರ ಬಾರದಿದ್ದರೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ 30 ದಿನದೊಳಗೆ ಮೊದಲ ಮೇಲ್ಮನವಿ. ಅದೂ ಸರಿಹೋಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಆಯೋಗದ ಪೀಠ ಬೆಳಗಾವಿಯಲ್ಲೂ ಇರುವುದರಿಂದ ಪ್ರತಿ ಸಲ ಬೆಂಗಳೂರಿಗೆ ಓಡುವುದು ತಪ್ಪಿದೆ. ತಪ್ಪು ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಬೀಳಬಹುದು.

"ಇದು ವೈಯಕ್ತಿಕ ಮಾಹಿತಿ, ಕೊಡಲ್ಲ" ಎಂದು ಹಿಂಬರಹ ಬಂತು. ಈಗ?

ಈ ಉತ್ತರ ಈಗ ಜಾಸ್ತಿಯಾಗುವ ಸಾಧ್ಯತೆ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ಬಿಗಿ ಮಾಡಿದೆ. ಮೊದಲು ಆ ಕಲಮಿನಲ್ಲೇ ಸಾರ್ವಜನಿಕ ಹಿತದ ಮಾತಿತ್ತು, ತಿದ್ದುಪಡಿಯಲ್ಲಿ ಅದನ್ನು ತೆಗೆದರು. ರೋಗಿಯ ಗುಟ್ಟು ಕಾಯಲು ಇರಬೇಕಾದ ಬೀಗ ಗುತ್ತಿಗೆದಾರನ ಬಿಲ್ಲಿಗೂ ಬೀಳುತ್ತದಲ್ಲ ಎಂಬ ಸಂಕಟ ನನ್ನದು.

ಆದರೂ ದಾರಿ ಮುಚ್ಚಿಲ್ಲ. 8(2) ಕಲಂ ಉಳಿದಿದೆ. ಮಾಹಿತಿ ಕೊಡುವುದರಿಂದ ಆಗುವ ಸಾರ್ವಜನಿಕ ಹಿತ ಹೆಚ್ಚಿದ್ದರೆ ಕೊಡಬಹುದು ಎಂದು ಅದು ಹೇಳುತ್ತದೆ. 10ನೇ ಕಲಂ ಇನ್ನೂ ಉಪಯುಕ್ತ: ಹೆಸರು, ವಿಳಾಸದ ಮೇಲೆ ಕಪ್ಪು ಬಳಿದು ಉಳಿದದ್ದನ್ನು ಕೊಡಬೇಕು. ಮೇಲ್ಮನವಿಯಲ್ಲಿ ಈ ಎರಡು ಕಲಂ ಬರೆಯಿರಿ. ಇನ್ನೂ ಒಳ್ಳೆಯದು, ಮೊದಲ ಅರ್ಜಿಯಲ್ಲೇ "ರೋಗಿಗಳ ಹೆಸರು ಬೇಡ" ಎಂದು ಸೇರಿಸಿ. ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಹೊಟ್ಟೆಯಲ್ಲಿರುವ ಕೂಸು ಗಂಡೋ ಹೆಣ್ಣೋ ತಿಳಿಯುವುದು ನನ್ನ ಮಾಹಿತಿ ಹಕ್ಕಲ್ವಾ?

ಅಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಅದನ್ನು ಮಾತಲ್ಲಿ, ಸನ್ನೆಯಲ್ಲಿ, ಯಾವ ರೀತಿಯಲ್ಲೂ ಹೇಳಬಾರದು ಎನ್ನುತ್ತದೆ. ನಮ್ಮ ಗಡಿ ಭಾಗಕ್ಕೆ ಈ ಕಾನೂನು ಯಾಕೆ ಬೇಕು ಎಂದು ವಿವರಿಸಬೇಕಾಗಿಲ್ಲ. 2017ರ ಮಾರ್ಚಿನಲ್ಲಿ ಕಾಗವಾಡದ ಆಚೆ ಸಾಂಗ್ಲಿ ಜಿಲ್ಲೆಯ ಮ್ಹೈಸಾಳದಲ್ಲಿ 19 ಭ್ರೂಣಗಳು ಹೂತದ್ದು ಸಿಕ್ಕವು. 2022ರ ಜೂನಿನಲ್ಲಿ ನಮ್ಮ ಮೂಡಲಗಿಯಲ್ಲೇ ಡಬ್ಬಿಗಳಲ್ಲಿ 7 ಭ್ರೂಣಗಳು ಸಿಕ್ಕವು.

ಇಲ್ಲಿ ಬಹಿರಂಗ ಇರಬೇಕಾದ್ದು ಸ್ಕ್ಯಾನಿಂಗ್ ಕೇಂದ್ರದ ಲೆಕ್ಕ. ಯಾವ ಕೇಂದ್ರಕ್ಕೆ ನೋಂದಣಿ ಇದೆ, ತಪಾಸಣೆಗೆ ಅಧಿಕಾರಿಗಳು ಯಾವಾಗ ಹೋಗಿದ್ದರು, ಏನು ಕ್ರಮ ಆಯಿತು ಎಂದು ಯಾರು ಬೇಕಾದರೂ ಕೇಳಬಹುದು. ಕೇಂದ್ರಗಳು ದಾಖಲೆಯನ್ನು 2 ವರ್ಷ ಇಡಬೇಕು.

ಕೋವಿಡ್ ಹೊತ್ತಲ್ಲಿ ಮನೆ ವಿಳಾಸವನ್ನೇ ಪ್ರಕಟಿಸಿದರಲ್ಲ? ಸಾಂಕ್ರಾಮಿಕ ಬಂದಾಗ ಗುಟ್ಟು ಇರಲ್ವಾ?

2020ರ ಮಾರ್ಚಿನಲ್ಲಿ ಕ್ವಾರಂಟೈನ್‌ನಲ್ಲಿದ್ದವರ ವಿಳಾಸದ ಪಟ್ಟಿಯನ್ನು ರಾಜ್ಯ ಸರ್ಕಾರವೇ ಹೊರಗೆ ಬಿಟ್ಟಿತು. ಹಿರೇಬಾಗೇವಾಡಿ, ಕುಡಚಿಯಂಥ ಊರುಗಳ ಹೆಸರು ದಿನಾ ಟಿವಿಯಲ್ಲಿ ಬಂತು. ಊರ ಹೆಸರು ಹೇಳುವುದು ಬೇಕಿತ್ತು, ಮನೆ ನಂಬರು ಬೇಕಿರಲಿಲ್ಲ. ಆರೋಗ್ಯ ಸಿಬ್ಬಂದಿಗೆ ಸಾಕಾಗುವ ವಿವರ ಇಡೀ ಊರಿಗೆ ಸಿಕ್ಕರೆ ಜನ ಜ್ವರವನ್ನೇ ಮುಚ್ಚಿಡುತ್ತಾರೆ. ಅಧಿಕಾರಿಗಳ ನಿರ್ದಿಷ್ಟ ಆದೇಶ ಇಲ್ಲದೆ ಮನೆ ಬಾಗಿಲಿಗೆ ಪೋಸ್ಟರ್ ಅಂಟಿಸಬಾರದು ಎಂದು ಸುಪ್ರೀಂ ಕೋರ್ಟ್ ಅದೇ ಡಿಸೆಂಬರಿನಲ್ಲಿ ಹೇಳಿತು.

ಕ್ಷಯ ರೋಗಿಗೆ ಆಹಾರದ ಕಿಟ್ ಕೊಡುವಾಗ ಫೋಟೊ ತೆಗೆಯುತ್ತಾರೆ. ಬೇಡ ಅನ್ನಬಹುದಾ?

ಅನ್ನಬಹುದು. ಬೇಡ ಅಂದರೂ ಕಿಟ್ ಕೊಡಲೇಬೇಕು. ಕ್ಷಯವನ್ನು ಸರ್ಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ. ಆದರೆ ಕ್ಷಯ ರೋಗಿಗಳ ಸರ್ಕಾರಿ ಆನ್‌ಲೈನ್ ದಾಖಲೆಯಾದ ನಿಕ್ಷಯ್‌ನಲ್ಲಿ ಹೆಸರು ಬರೆಯುವುದೇ ಬೇರೆ, ಫೇಸ್‌ಬುಕ್ಕಿನಲ್ಲಿ ಮುಖ ಹಾಕುವುದೇ ಬೇರೆ. ಮದುವೆ ಗೊತ್ತಾಗಬೇಕಾದ ಹುಡುಗಿಯ ಫೋಟೊ ಹಾಗೆ ಹೊರಬಂದರೆ ಅವಳ ಪಾಡು ಏನು ಎಂದು ದಾನಿಗಳು ಒಮ್ಮೆ ಯೋಚಿಸಲಿ.

ಆಭಾ ಕಾರ್ಡ್ ಇಲ್ಲದಿದ್ದರೆ ಚಿಕಿತ್ಸೆ ಇಲ್ಲ ಅಂತಾರೆ.

ಆಭಾ ಅಂದರೆ ಕೇಂದ್ರ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ. ಅದು ಕಡ್ಡಾಯ ಅಲ್ಲ. ಮಾಡಿಸಿಕೊಂಡರೂ, ನಿಮ್ಮ ದಾಖಲೆ ಬೇರೆಯವರಿಗೆ ಕಾಣಬೇಕಾದರೆ ನಿಮ್ಮ ಒಪ್ಪಿಗೆ ಬೇಕು.

ವಿಜಯಪುರದ ವೈದ್ಯಕೀಯ ಕಾಲೇಜಿನ ವಿಷಯದಲ್ಲಿ ಕಾಗದಪತ್ರ ಕೇಳಬಹುದಾ?

ಕೇಳಬಹುದು, ಕೇಳಲೇಬೇಕು. 2025ರಲ್ಲಿ ವಿಜಯಪುರದ ಜನ ಪಿಪಿಪಿ (ಖಾಸಗಿಯವರ ಪಾಲುದಾರಿಕೆ) ಬೇಡ, ಪೂರ್ತಿ ಸರ್ಕಾರಿ ಕಾಲೇಜೇ ಬೇಕು ಎಂದು ಧರಣಿ ಕೂತರು. ಯಾರ ಪರ ಇರಲಿ, ಮೊದಲು ಬೇಕಾದದ್ದು ಕಾಗದ. ಜನರ ಮೇಲೆ ಪರಿಣಾಮ ಬೀರುವ ನೀತಿ ಮಾಡುವಾಗ ಎಲ್ಲ ಮುಖ್ಯ ಸಂಗತಿಗಳನ್ನು ಸರ್ಕಾರ ತಾನಾಗಿಯೇ ಪ್ರಕಟಿಸಬೇಕು ಎಂದು ಮಾಹಿತಿ ಹಕ್ಕು ಕಾಯ್ದೆಯ 4(1)(ಸಿ) ಕಲಂ ಹೇಳುತ್ತದೆ. ಜಿಲ್ಲಾ ಆಸ್ಪತ್ರೆಯ ಹಾಸಿಗೆಗಳು ಯಾರ ಕೈಗೆ ಹೋಗುತ್ತವೆ, ಎಷ್ಟು ಹಾಸಿಗೆ ಉಚಿತ, ಎಷ್ಟು ವರ್ಷದ ಕರಾರು? ಇವು ಬೀದಿಯ ಊಹೆಯಲ್ಲಿ ಉಳಿಯಬಾರದು. "ವಾಣಿಜ್ಯ ಗುಟ್ಟು" ಎಂದು ನಿರಾಕರಿಸಿದರೂ ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬೇಕೆಂದು 8(1)(ಡಿ)ಯಲ್ಲೇ ಬರೆದಿದೆ.

ನಾನು ದವಾಖಾನೆಯ ಸಿಬ್ಬಂದಿ. ಒಳಗಿನ ತಪ್ಪು ಹೇಳಿದರೆ ನನಗೇನೂ ಆಗಲ್ವಾ?

ಆಗಬಹುದು, ಸುಳ್ಳು ಧೈರ್ಯ ಕೊಡಲಾರೆ. ದೂರುಗಾರರ ರಕ್ಷಣೆಗೆ ಸಂಸತ್ತು 2014ರಲ್ಲಿ ಕಾಯ್ದೆ ಮಾಡಿತು, ಆದರೆ ಅದನ್ನು ಜಾರಿಗೆ ತರಲೇ ಇಲ್ಲ. ಪತ್ರಿಕೆಗೆ ಹೋಗುವ ಮುಂಚೆ ಮೇಲಧಿಕಾರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. "ಆಕ್ಸಿಜನ್ ಕಡಿಮೆ ಇದೆ ಎಂದು ಈ ತಾರೀಖು ಬರೆದಿದ್ದೆ" ಎನ್ನುವ ಒಂದು ಹಾಳೆ ಮುಂದೆ ನಿಮ್ಮನ್ನು ಕಾಪಾಡುತ್ತದೆ. ಆ ಹಾಳೆ ಕಚೇರಿಯ ಕಡತಕ್ಕೆ ಸೇರಿದ ಮೇಲೆ ಊರವರು ಅದನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ರೋಗಿಯ ಹೆಸರು, ಫೋಟೊ ಮಾತ್ರ ಎಲ್ಲೂ ಸೇರಿಸಬೇಡಿ.

ಅರ್ಜಿಯಲ್ಲಿ ಏನು ಕೇಳಬೇಕು ಅಂತ ಮಾದರಿ ಕೊಡ್ತೀರಾ?

ಇದನ್ನು ಹಾಗೇ ಬರೆದುಕೊಳ್ಳಿ, ಊರು ಮತ್ತು ವರ್ಷ ಬದಲಿಸಿ: "ನಮ್ಮ ತಾಲ್ಲೂಕಿನಲ್ಲಿ ಕಳೆದ ಆರ್ಥಿಕ ವರ್ಷದಲ್ಲಿ ಪರಿಶೀಲನೆಯಾದ ತಾಯಿ ಸಾವುಗಳ ಸಂಖ್ಯೆ, ಪ್ರತಿಯೊಂದಕ್ಕೆ ದಾಖಲಿಸಿದ ಕಾರಣ ಮತ್ತು ಆಮೇಲೆ ತೆಗೆದುಕೊಂಡ ಕ್ರಮದ ವಿವರ ಕೊಡಿ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪರಿಶೀಲನಾ ಸಭೆಗಳ ತಾರೀಖು ಮತ್ತು ನಡಾವಳಿಯ ನಕಲು ಕೊಡಿ. ರೋಗಿಗಳ ಹೆಸರು, ವಿಳಾಸ ಬೇಡ. 10ನೇ ಕಲಂ ಪ್ರಕಾರ ಅವನ್ನು ಅಳಿಸಿ ಕೊಡಬಹುದು." 150 ಪದದೊಳಗೆ ಆರಾಮಾಗಿ ಮುಗಿಯುತ್ತದೆ. ಔಷಧಿ ಸ್ಟಾಕಿಗೆ ಬೇರೆ ಅರ್ಜಿ ಹಾಕಿ, ಇದಕ್ಕೇ ಸೇರಿಸಬೇಡಿ.